‘ಪತ್ನಿ’ಯ ಕೆಳಗಿನ ಒತ್ತು

ಗಿರಿಜಾ ಆಂಟಿ, ಡಾಕ್ಟರ್ ಅಂಕಲ್ ಅವರ ಅರವತ್ತನೇ ಹುಟ್ಟುಹಬ್ಬದ ಪುಸ್ತಕದಲ್ಲಿ ‘ಪತ್ನಿ’ಯನ್ನು ‘ಪತಿ’ ಮಾಡಿದವಳು ನಾನು. ನೀವಲ್ಲ. ಇದು ಪುಸ್ತಕ ಹಂಚಿದ ಸಂಜೆಯೇ ನನಗೆ ಗೊತ್ತಾಗಿತ್ತು — ಇಷ್ಟು ವರ್ಷ ಬಾಯಿ ಬಿಡಲಿಲ್ಲ.

ಆಗ ನಾನು ಇಲ್ಲೇ ವಾರೆನ್ ಊರಿನ ಕಾಲೇಜೊಂದರಲ್ಲಿ ಟೈಪೋಗ್ರಫಿ, ಅಂದರೆ ಅಕ್ಷರ ವಿನ್ಯಾಸ ಕಲಿಯುತ್ತಿದ್ದೆ. ಅಕ್ಷರವನ್ನು ಓದುವುದಲ್ಲ, ನೋಡುವುದು — ಅದೊಂದು ಹುಚ್ಚೇ ಹಿಡಿದಿತ್ತು. ಡ್ರೈವ್ ಮಾಡುವಾಗಲೂ ಹೆದ್ದಾರಿಯ ಎಕ್ಸಿಟ್ ಬೋರ್ಡಿನ ಅಕ್ಷರಗಳ ಹೊಟ್ಟೆ ಯಾಕಿಷ್ಟು ಅಗಲ ಎಂಬ ಯೋಚನೆ. ಸೀರಿಯಲ್ ಡಬ್ಬದ ಮೇಲಿನವು ಯಾಕೆ ದುಂಡಗೆ, ಮಾತ್ರೆ ಬಾಟಲಿಯ ಮೇಲಿನವು ಯಾಕೆ ಸಪೂರ? ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೊಬ್ಬಳೇ. ಹೊಸದೇನಾದರೂ ಕಲಿತರೆ ನಾಲ್ಕು ಜನಕ್ಕೆ ತೋರಿಸದೆ ಸಮಾಧಾನವಿಲ್ಲ. ಪುಸ್ತಕದ ಪುಟ ಜೋಡಿಸುವ ಕೆಲಸವನ್ನು ನಾನೇ ಕೇಳಿ ಪಡೆದೆ. ಕನ್ನಡ ಟೈಪಿಂಗ್ ಬರುತ್ತಿರಲಿಲ್ಲ. ಇಲ್ಲಿನ ನಮ್ಮ ಕನ್ನಡ ಸಂಘ ನಡೆಸುವ ಭಾನುವಾರದ ಕನ್ನಡ ಕ್ಲಾಸಿನ ಟೀಚರ್ ನೀವು — ಎಲ್ಲವನ್ನೂ ಟೈಪ್ ಮಾಡಿ ಕಳಿಸಿದಿರಿ.

ಸಾಲುಗಳ ನಡುವೆ ಜಾಗ ಹೆಚ್ಚಾದರೆ ಪುಟ ಬಿಡಿಬಿಡಿಯಾಗಿ ಕಾಣುತ್ತದೆ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಇಂಗ್ಲಿಷಿಗೆ ಸರಿ. ನಾನು ಕನ್ನಡಕ್ಕೂ ಅದನ್ನೇ ಅನ್ವಯಿಸಿ ಎಲ್ಲವನ್ನೂ ಒತ್ತೊತ್ತಾಗಿ ಕೂರಿಸಿದೆ. ನಮ್ಮ ಅಕ್ಷರಗಳಿಗೆ ಇಲ್ಲಿನ ಮನೆಗಳ ಹಾಗೆ ಬೇಸ್‌ಮೆಂಟ್ ಇದೆ, ಒತ್ತಕ್ಷರಗಳ ವಾಸ ಅಲ್ಲೇ ಎಂಬುದು ಹೊಳೆಯಲಿಲ್ಲ. ‘ಪತ್ನಿ ಸರೋಜಾ ಜೊತೆ, ಮೊದಲ ಕಾರಿನ ಎದುರು’ — ಆ ಸಾಲಿನ ಕೆಳಗಿದ್ದ ಫೋಟೊವನ್ನು ಒಂದಿಷ್ಟು ಮೇಲಕ್ಕೆ ಸರಿಸಿದೆ. ‘ನ’ ಒತ್ತು ಫೋಟೊದ ಹಿಂದೆ ಮುಚ್ಚಿಹೋಯಿತು. ಉಳಿದದ್ದು ‘ಪತಿ ಸರೋಜಾ’.

ಹುಟ್ಟುಹಬ್ಬದ ಸಮಾರಂಭದಲ್ಲಿ, ಲಿವೋನಿಯಾ ಊರಿನ ಹಾಲ್‌ನಲ್ಲಿ ಪುಸ್ತಕ ಹಂಚಿದಾಗ ರಮೇಶ್ ಅಂಕಲ್ ಅದನ್ನು ಗಟ್ಟಿಯಾಗಿ ಓದಿದರು. “ಡಾಕ್ಟ್ರ ಮನೇಲಿ ಗಂಡ ಯಾರು ಅಂತ ಇವತ್ತು ಪ್ರಿಂಟಲ್ಲೇ ಬಂತು ನೋಡ್ರಪ್ಪಾ!” ಹಾಲ್‌ಗೆ ಹಾಲೇ ನಕ್ಕಿತು. ಆಮೇಲೆ ನನ್ನ ಕಡೆ ತಿರುಗಿದರು: “ಏನಮ್ಮಾ ಡಿಸೈನರ್, ಯಾರ ಕೈಚಳಕ ಇದು?”

“ಟೈಪ್ ಮಾಡಿದ್ದು ಗಿರಿಜಾ ಆಂಟಿ. ನಾನು ಬರೀ ಲೇಔಟ್.”

ಪೂರ್ತಿ ಸುಳ್ಳಲ್ಲ — ಅದೇ ಅದರ ಕೆಟ್ಟತನ. ತಪ್ಪು ಎಲ್ಲಾಗಿದೆ ಎಂದು ಆ ಕ್ಷಣ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಮೊದಲೇ ನಿಮ್ಮ ಹೆಸರು ಹೇಳಿಬಿಟ್ಟೆ.

“ಕನ್ನಡ ಟೀಚರೇ ಹಿಂಗಂದ್ರೆ ಮಕ್ಕಳ ಗತಿ?” ಎಂದರು ಇನ್ಯಾರೋ. ನೀವು ಪುಟವನ್ನು ಕಣ್ಣಿನ ಹತ್ತಿರ ತಂದು ನೋಡಿದಿರಿ. “ನಾ ಬರೋಬರಿ ಹೊಡದಿದ್ದೆ ಅನಸ್ತದ... ಏನೋ ಯವ್ವಾ, ಕಣ್ಣು ಮೋಸ ಮಾಡ್ಲಿಕ್ಕ ಹತ್ಯಾವ.”

ಮನೆಗೆ ಬಂದು ಫೈಲ್ ತೆಗೆದೆ. ಫೋಟೊವನ್ನು ಕೆಳಗೆ ಎಳೆದೆ — ‘ನ’ ಒತ್ತು ಅಲ್ಲೇ ಇತ್ತು, ನೀವು ಇಟ್ಟಲ್ಲೇ. ನಾಚಿಕೆಯ ಮಾತು ಹೇಳಲೇ? ಮೊದಲು ನನಗಾದದ್ದು ಖುಷಿ. ಓಹೋ, ಹೀಗಾ ವಿಷಯ! ಮುಂದಿನ ವಾರ ಅದೇ ಪುಟವನ್ನು ನನ್ನ ಕಾಲೇಜಿನ ಕ್ಲಾಸಿನಲ್ಲಿ ತೋರಿಸಿದೆ. ನನ್ನ ತಪ್ಪನ್ನು ಬಿಡಿಸಿ ಹೇಳಿ, ಕನ್ನಡದ ಸಾಲುಗಳಿಗೆ ಯಾಕೆ ಹೆಚ್ಚು ಅಂತರ ಬೇಕು ಎಂದು ವಿವರಿಸಿದೆ. ಚಪ್ಪಾಳೆ ಬಿತ್ತು. ಒಂದಕ್ಷರ ಕನ್ನಡ ಬಾರದ ಅಷ್ಟೂ ಜನರಿಗೆ ನಿಜ ಹೇಳಿದೆ, ಆಂಟಿ. ನಿಮಗೊಬ್ಬರಿಗೆ ಹೇಳಲಿಲ್ಲ.

ನೀವು ಭಾನುವಾರದ ಕ್ಲಾಸು ತೆಗೆದುಕೊಳ್ಳುವುದನ್ನೇ ಬಿಟ್ಟಿರಿ. “ನನ್ನ ಕಣ್ಣು ನಂಬೂ ಹಂಗಿಲ್ಲ, ಹುಡುಗರಿಗೆ ತಪ್ಪು ಕಲಿಸೋದು ಬ್ಯಾಡ” ಅಂದಿರಂತೆ. ಕಣ್ಣಿಗೆ ಏನೂ ಆಗಿಲ್ಲವೆಂದು ಕಣ್ಣಿನ ಡಾಕ್ಟರ್ ಹೇಳಿದರೂ ನಂಬಲಿಲ್ಲವಂತೆ. ಇದೆಲ್ಲ ಕಿವಿಗೆ ಬಿದ್ದಾಗಲೂ ನಾನು — ಅಷ್ಟು ಕಷ್ಟಪಟ್ಟು ಓದಿ ಬಂದವಳು, ನನಗೆ ಗೊತ್ತಾಗಲಿಲ್ಲ ಎಂದು ಎಲ್ಲರೆದುರು ಹೇಗೆ ಒಪ್ಪಿಕೊಳ್ಳಲಿ ಅಂತ... ಬೇಡ. ಅದು ನೆಪವಾಗುತ್ತದೆ.

ಜನ ನಿಮ್ಮನ್ನು ನೋಡಿ ನಕ್ಕಿದ್ದು ಎಲ್ಲರೆದುರು. ಅದಕ್ಕೇ ಇದನ್ನು ಎಲ್ಲರೂ ಓದುವ ಸಂಘದ ಸಂಚಿಕೆಗೆ ಕೊಡುತ್ತಿದ್ದೇನೆ. ಅಚ್ಚಾಗುವ ಮೊದಲು ನಿಮ್ಮ ಮನೆಗೆ ಬಂದು ನಾನೇ ಓದಿ ಹೇಳುತ್ತೇನೆ. ಕ್ಷಮಿಸುವುದು, ಬಿಡುವುದು ಆಮೇಲಿನ ಮಾತು. ನೀವು ಸರಿಯಾಗಿಯೇ ಟೈಪ್ ಮಾಡಿದ್ದಿರಿ, ಆಂಟಿ.