ಏಪ್ರನ್ ಜೇಬಿನ ಕಾಗದ

ನೋಲೀನ್ ಅವರು ಕೆಲಸಕ್ಕೆ ಒಳಹೋಗುವ ಪಾಸು ನಿಂತುಹೋಗಿದ್ದು ನನ್ನ ಮಾತಿನಿಂದಲೇ ಇರಬಹುದೇ ಎಂಬ ಯೋಚನೆ ನನ್ನನ್ನು ಬಿಡುತ್ತಿಲ್ಲ. ಮಗಳು ಐವಿಗೆ ಹಾಲು ಕುಡಿಸುವಾಗ ಬರುತ್ತದೆ, ಬಟ್ಟೆ ಮಡಚುವಾಗ ಬರುತ್ತದೆ, ಟೀಗೆ ನೀರಿಟ್ಟು ಸುಮ್ಮನೆ ನಿಂತಾಗ ಬರುತ್ತದೆ. ಒಂಬತ್ತು ತಿಂಗಳ ಮಗು ಇರುವವಳಿಗೆ ಯೋಚನೆಗೇನು ಬರ. ಮೈ ಬಿಸಿಯಾಗಿದೆಯೇ, ಸೇಬಿನ ಚೂರು ಗಂಟಲಿಗೆ ಸಿಕ್ಕಿತೇ, ಉಸಿರಾಡುತ್ತಿದೆಯೇ ಎಂದು ದಿನಕ್ಕೆ ನೂರು ಸಲ ಎದ್ದು ನೋಡುವ ಜಾತಿ ನನ್ನದು. ಆದರೆ ಅವೆಲ್ಲ ಬಂದು ಹೋಗುವ ಯೋಚನೆಗಳು. ಇದು ಬಂದು ಕೂತುಬಿಟ್ಟಿದೆ.

ನೋಲೀನ್ ಯಾರೆಂದು ಮೊದಲು ಹೇಳಬೇಕು. ಐವತ್ತೊಂಬತ್ತು ವರ್ಷ, ಎರಡೂ ಮಂಡಿ ನೋವು, ಬೆಳ್ಳಗಾದ ಗಿಡ್ಡ ಕೂದಲು. ಹುಟ್ಟಿದ್ದು ಹಿಮಬೆಟ್ಟಗಳ ಬುಡದ ಊರು ಕೂಮಾದಲ್ಲಿ. ಗಂಡ ಡೆಸ್ ಚಳಿಗಾಲದಲ್ಲಿ ರಸ್ತೆಯ ಹಿಮ ತೆಗೆಯುವ ಗಾಡಿ ಓಡಿಸುತ್ತಿದ್ದರಂತೆ, ತೀರಿಕೊಂಡು ಎಂಟು ವರ್ಷ. ರಾಜಧಾನಿ ಕ್ಯಾನ್‌ಬೆರಾದಲ್ಲಿ, ಹೆಸರಿನ ಹಲಗೆಯಿಲ್ಲದ ಒಂದು ಸರ್ಕಾರಿ ಕಟ್ಟಡದಲ್ಲಿ ಇಪ್ಪತ್ತಾರು ವರ್ಷದಿಂದ ನೆಲ ಒರೆಸುತ್ತಿದ್ದಾರೆ. ಬೆಳಿಗ್ಗೆ ಐದಕ್ಕೆ ಒಳಗೆ ಹೋದರೆ ಒಂಬತ್ತಕ್ಕೆ ಹೊರಗೆ. ಅಲ್ಲಿಂದ ಸೀದಾ ಮಗಳ ಮನೆಗೆ. ಮಗಳು ನರ್ಸ್, ಅವಳು ಆಸ್ಪತ್ರೆಗೆ ಹೊರಡುವ ಹೊತ್ತಿಗೆ ಮೊಮ್ಮಗಳು ಟಿಲ್ಲಿ ಅಜ್ಜಿಯ ಕೈಗೆ. ಗುರುವಾರವಾದರೆ ಹತ್ತು ಗಂಟೆಗೆ ಅಜ್ಜಿ ಮೊಮ್ಮಗಳು ಇಬ್ಬರೂ ಕಾಂಬಾ ಬಡಾವಣೆಯ ಚರ್ಚ್ ಹಾಲಿನಲ್ಲಿ, ಪುಟ್ಟ ಮಕ್ಕಳನ್ನು ಆಡಿಸಲು ತಾಯಂದಿರು ಸೇರುವ ನಮ್ಮ ಪ್ಲೇಗ್ರೂಪಿಗೆ ಹಾಜರು. ಅವರ ಕೈಗೆ ಯಾವಾಗಲೂ ನೆಲ ಒರೆಸುವ ನಿಂಬೆ ದ್ರಾವಣದ ವಾಸನೆ. ಮಂಡಿ ಮಡಚಿ ಚಾಪೆಯ ಮೇಲೆ ಕೂರಲಾಗದೆ ಮಕ್ಕಳ ಪುಟ್ಟ ಕೆಂಪು ಕುರ್ಚಿಯೊಂದರ ಮೇಲೆ ಕೂರುತ್ತಿದ್ದರು. ಆ ಕುರ್ಚಿ ಅವರದೇ ಎಂದು ಮಕ್ಕಳಿಗೂ ಗೊತ್ತಿತ್ತು.

ನಾನು ಮೊದಲ ಸಲ ಆ ಹಾಲಿಗೆ ಹೋದಾಗ ಐವಿಗೆ ಏಳು ವಾರ. ನಾಲ್ಕು ದಿನದಿಂದ ನಿದ್ದೆಯಿರಲಿಲ್ಲ. ಬಾಗಿಲಲ್ಲೇ ಅಳು ಬಂತು. ಮೆಲ್ಬರ್ನಿನಲ್ಲಿ ಓದಿ, ಆರು ವರ್ಷ ಒಂದು ಪ್ರಕಾಶನದಲ್ಲಿ ಬೇರೆಯವರ ಪುಸ್ತಕಗಳ ತಪ್ಪು ತಿದ್ದಿದವಳಿಗೆ, ಈ ಒಂದು ಮಗುವನ್ನು ಮಲಗಿಸುವುದು ಹೇಗೆಂದು ಗೊತ್ತಿರಲಿಲ್ಲ. ನೋಲೀನ್ ಎದ್ದು ಬಂದರು. ಹೆಸರು ಕೂಡ ಕೇಳಲಿಲ್ಲ. ಮಗುವನ್ನು ತೋಳಿಗೆ ಹಾಕಿಕೊಂಡು, ಹೋಗಿ ಕಾರಿನಲ್ಲಿ ಅರ್ಧ ಗಂಟೆ ಮಲಗಿ ಬಾ, ಕಿಟಕಿಯಿಂದ ನಿನಗೆ ನಾವು ಕಾಣುತ್ತೇವೆ, ನಿನ್ನ ಮಗುವನ್ನು ನಾನೇನೂ ಎತ್ತಿಕೊಂಡು ಓಡುವುದಿಲ್ಲ, ಓಡುವ ಮಂಡಿಯೂ ಅಲ್ಲ ಎಂದರು. ನಾನು ಹೋಗಿ ಮಲಗಿದೆ. ಆ ದಿನದಿಂದ ಅವರು ನನ್ನವರಾದರು.

ಕಟ್ಟಡದ ಒಳಗಿನ ವಿಷಯ ಅವರು ಒಮ್ಮೆಯೂ ಆಡಿದವರಲ್ಲ. ನಾವು ಕೇಳಿದ್ದೂ ಇಲ್ಲ. ಈ ಊರಿನಲ್ಲಿ ಯಾರಾದರೂ ‘ಸರ್ಕಾರದಲ್ಲಿದ್ದೇನೆ’ ಎಂದು ಅಷ್ಟಕ್ಕೇ ನಿಲ್ಲಿಸಿದರೆ, ಎದುರಿನವರು ಚಳಿಯ ಮಾತು ಎತ್ತುತ್ತಾರೆ.

ಆದರೆ ‘ಉತ್ತರದ ಗೇಟು’ ಎಂದರೆ ನೋಲೀನ್‌ರನ್ನು ತಡೆಯುವವರಿರಲಿಲ್ಲ. ಬುಧವಾರ ರಾತ್ರಿ ಎಂಟೂವರೆಗೆ ಬರುವ ಸೀರಿಯಲ್ ಅದು. ಸರ್ಕಾರಿ ಗುಮಾಸ್ತನೊಬ್ಬನ ಕೊಲೆ, ಅದರ ಬೆನ್ನು ಹತ್ತಿದ ಪೊಲೀಸ್ ಹೆಂಗಸು, ಅಗೆಯುತ್ತ ಹೋದಂತೆ ಕೊಲೆಯ ಕೆಳಗೆ ಗೂಢಚಾರಿಕೆ. ನಮ್ಮ ಆರೇಳು ಜನ ತಾಯಂದಿರಿಗೆ ಅದರ ಹುಚ್ಚು. ಹುಚ್ಚೇನೋ ಸರಿ, ಪೂರ್ತಿ ನೋಡಿದವರು ಯಾರೂ ಇಲ್ಲ. ಒಬ್ಬಳ ಮಗುವಿಗೆ ಹಲ್ಲು ಬರುತ್ತಿರುತ್ತದೆ, ಇನ್ನೊಬ್ಬಳ ಮಗು ಕೆಮ್ಮುತ್ತಿರುತ್ತದೆ, ನಾನಂತೂ ಐವಿಯನ್ನು ಎದೆಯ ಮೇಲೆ ಹಾಕಿಕೊಂಡು ಹತ್ತನೇ ನಿಮಿಷಕ್ಕೆ ಸೋಫಾದಲ್ಲಿ ಬಿದ್ದಿರುತ್ತೇನೆ. ಹಾಗಾಗಿ ಗುರುವಾರ ನೋಲೀನ್ ಹೇಳಬೇಕು, ನಾವು ಕೇಳಬೇಕು.

ಹೇಳುವುದೆಂದರೆ ಕೂತಲ್ಲೇ ಆಡಿ ತೋರಿಸುವುದು. ಬಿಸ್ಕತ್ತಿನ ಡಬ್ಬಿ ತಿಜೋರಿ, ಮಕ್ಕಳ ಗೊಂಬೆಮನೆ ರಾಯಭಾರ ಕಚೇರಿ. ಅವನು, ಅವಳು ಎಂಬ ಮಾತೇ ಇಲ್ಲ. ಪೊಲೀಸಾದಾಗಲೂ ‘ನಾನು’, ಕೊಲೆಗಾರನಾದಾಗಲೂ ‘ನಾನು’. ನಮ್ಮಲ್ಲಿ ಪ್ರೂ ಎಂಬವಳೊಬ್ಬಳಿದ್ದಾಳೆ, ಬಾಯಿ ಜೋರು, ವಾರಕ್ಕೊಬ್ಬರ ಮೇಲೆ ಅನುಮಾನ ಪಟ್ಟು ಫೋನಿನಲ್ಲಿ ಪಟ್ಟಿ ಮಾಡಿಟ್ಟುಕೊಳ್ಳುವವಳು. ಅವಳು ಕೆಣಕುತ್ತಿದ್ದಳು.

“ಹೋದ ವಾರ ಸತ್ತಿದ್ರಲ್ಲ ನೋಲೀನ್, ಮತ್ತೆ ಹೇಗೆ ಬಂದ್ರಿ?”

“ಟೀ ಕುಡಿಯೋಣ ಅಂತ ಎದ್ದು ಬಂದೆ ಕಣೇ. ಸತ್ತವರಿಗೂ ಗಂಟಲು ಒಣಗತ್ತೆ.”

ಸೀರಿಯಲ್ಲಿನಲ್ಲಿ ಐರೀನ್ ಎಂಬ ಕಸ ಗುಡಿಸುವ ಹೆಂಗಸಿನ ಪಾತ್ರವಿದೆ. ಅವಳ ಮೇಲೆ ನೋಲೀನ್‌ಗೆ ವಿಶೇಷ ಕಣ್ಣು. ಮಾಪ್ ಹಿಂಡುವುದು ನೋಡಿದರೇ ಗೊತ್ತಾಗುತ್ತದೆ, ಆ ನಟಿ ಜನ್ಮದಲ್ಲಿ ನೆಲ ಒರೆಸಿಲ್ಲ ಎನ್ನುತ್ತಿದ್ದರು.

ಇಂಥ ಕಟ್ಟಡಗಳಲ್ಲಿ ನೆಲ ಒರೆಸುವವರ ಹಿನ್ನೆಲೆಯನ್ನೂ ಕೆಲವು ವರ್ಷಕ್ಕೊಮ್ಮೆ ವಿಚಾರಿಸುತ್ತಾರೆ. ಸಂಬಂಧಿಕರಲ್ಲದ, ಜೊತೆಗೆ ಕೆಲಸ ಮಾಡದ ಒಬ್ಬ ಪರಿಚಯದವರ ಹೆಸರು ಕೊಡಬೇಕು. ನೋಲೀನ್ ಪ್ರತಿ ಸಲ ಪಕ್ಕದ ಮನೆಯ ಬೆರಿಲ್ ಹೆಸರು ಕೊಡುತ್ತಿದ್ದರು. ಬೆರಿಲ್ ಈ ಮಾರ್ಚಿನಲ್ಲಿ ತೀರಿಕೊಂಡರು. ಒಂದು ಗುರುವಾರ ಟೀ ಕಪ್ಪು ತೊಳೆಯುತ್ತ ನೋಲೀನ್, ಇನ್ನು ಮೇಲೆ ನಿನ್ನ ಹೆಸರು ಕೊಡಲೇ ಎಂದು ನನ್ನನ್ನು ಕೇಳಿದರು.

“ನೀನು ಓದಿದವಳು, ಚೆನ್ನಾಗಿ ಮಾತಾಡ್ತೀಯ. ಹೆಚ್ಚೇನಿಲ್ಲ ಮಗಾ. ನಾನು ಮನುಷ್ಯಳು ಅಂತ ಹೇಳಿದ್ರೆ ಸಾಕು.”

ನನಗೆ ಹೆಮ್ಮೆಯಾಯಿತು. ಕೊಡಿ ಎಂದೆ.

ಜುಲೈ ಕೊನೆಯಲ್ಲಿ ಪರ್ಸೆಲ್ ಎಂಬ ಅಧಿಕಾರಿ ಮನೆಗೆ ಬಂದರು. ಮೆಲುಮಾತಿನ ಮನುಷ್ಯ, ಶೂ ಬಾಗಿಲಲ್ಲೇ ಬಿಚ್ಚಿಟ್ಟರು. ಅಡುಗೆಮನೆಯ ಮೇಜಿನಲ್ಲಿ ಕೂತು ಒಂದೊಂದಾಗಿ ಕೇಳಿದರು. ಕುಡಿಯುತ್ತಾರೆಯೇ, ಜಗಳಗಂಟಿಯೇ, ಹೊರದೇಶದ ಸ್ನೇಹಿತರಿದ್ದಾರೆಯೇ. ಹಿಂದಿನ ರಾತ್ರಿ ನಾನು ಮಲಗಿದ್ದು ಎರಡು ಗಂಟೆ. ಐವಿ ತೊಡೆಯ ಮೇಲೆ ಕೂತು ಅವರ ಪೆನ್ನಿಗೆ ಕೈ ಚಾಚುತ್ತಿದ್ದಳು. ಎಲ್ಲದಕ್ಕೂ ಒಳ್ಳೆಯದನ್ನೇ ಹೇಳಿದೆ. ಆಮೇಲೆ ಅವರು, ನೋಲೀನ್ ಪ್ರಾಮಾಣಿಕರು ಅನ್ನುತ್ತೀರಲ್ಲ, ಯಾವುದಾದರೂ ಒಂದು ಸಂದರ್ಭ ನೆನಪಿದೆಯೇ ಎಂದರು.

ನೆನಪಿದೆ ಎಂದೆ. ಒಮ್ಮೆ ಗುಡಿಸುವಾಗ ಗೋಡೆಯ ಹೀಟರಿನ ಹಿಂದೆ ಒಂದು ಕಾಗದ ಸಿಕ್ಕಿತ್ತಂತೆ. ಗಾರ್ಡಿಗೆ ಕೊಡೋಣವೆಂದರೆ ಅವನು ಟೀಗೆ ಹೋಗಿದ್ದ. ಏಪ್ರನ್ ಜೇಬಿಗೆ ಹಾಕಿಕೊಂಡು ಮರೆತೇಬಿಟ್ಟರಂತೆ. ಮನೆಯಲ್ಲಿ ಬಟ್ಟೆ ಒಣಹಾಕಲು ಏಪ್ರನ್ ಒದರಿದಾಗ ಕೆಳಗೆ ಬಿತ್ತು. ಮಾರನೆಯ ಬೆಳಿಗ್ಗೆ ಹೋಗಿ ಒಪ್ಪಿಸಿದರು. ಬೇರೆ ಯಾರಾದರೂ ಆಗಿದ್ದರೆ ಒಲೆಗೆ ಹಾಕಿ ಸುಮ್ಮನಿರುತ್ತಿದ್ದರು, ಅವರೇ ನಗುತ್ತ ನಮಗೆ ಹೇಳಿದ್ದು, ಅಂಥ ಮನಸ್ಸು ಅವರದು ಎಂದೆ.

ಪರ್ಸೆಲ್‌ಗೆ ಇದನ್ನು ಬರೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು. ಇಲ್ಲಿ ಮಾತಾಡಿದ್ದು ಇಲ್ಲಿಗೇ ಇರಲಿ ಎಂದು ಹೇಳಿ, ಒಂದು ಕಾರ್ಡು ಕೊಟ್ಟು ಹೋದರು.

ಮೂರು ವಾರ ಕಳೆದು ನೋಲೀನ್ ಪ್ಲೇಗ್ರೂಪಿಗೆ ಬಂದಾಗ ಅವರ ಕೈಯಲ್ಲಿ ನಿಂಬೆಯ ವಾಸನೆ ಇರಲಿಲ್ಲ. ತಮ್ಮ ಕೆಂಪು ಕುರ್ಚಿಯಲ್ಲಿ ಕೂತು, ಟಿಲ್ಲಿಯ ಕೋಟಿನ ಗುಂಡಿ ಬಿಚ್ಚುತ್ತ, ಯಾರ ಮುಖವನ್ನೂ ನೋಡದೆ ಹೇಳಿದರು. ಸೋಮವಾರ ಗೇಟಿಗೆ ಪಾಸು ಇಟ್ಟರೆ ಕೆಂಪು ದೀಪ. ತೋಳಿಗೆ ಒರೆಸಿ ಮತ್ತೆ ಇಟ್ಟರೆ ಮತ್ತೆ ಕೆಂಪು. ಹನ್ನೊಂದು ವರ್ಷದಿಂದ ದಿನಾ ಗುಡ್ ಮಾರ್ನಿಂಗ್ ಹೇಳುವ ಗಾರ್ಡು, ತಲೆ ಎತ್ತದೆ, ಮನೆಗೆ ಹೋಗಿ ನೋಲೀನ್, ಕಾಗದ ಬರುತ್ತದೆ ಎಂದನಂತೆ. ಕಾಗದವೂ ಬಂತು. ವಿಚಾರಣೆ ಮುಗಿಯುವವರೆಗೆ ಬರಬೇಡಿ ಎಂದಿತ್ತು, ಏನು ವಿಚಾರಣೆ ಎಂದಿರಲಿಲ್ಲ. ಮುಗಿದ ಮೇಲೂ ಪಾಸು ಬರದಿದ್ದರೆ ಈ ವಯಸ್ಸಿನಲ್ಲಿ, ಈ ಮಂಡಿ ನೋಡಿ, ಬೇರೆ ಯಾರೂ ಕೆಲಸ ಕೊಡುವುದಿಲ್ಲ.

“ಕೆಲಸ ಹೋದ್ರೆ ಹೋಗ್ಲಿ ಅಂದ್ಕೋತೀನಿ,” ಎಂದರು. “ಇಪ್ಪತ್ತಾರು ವರ್ಷ ಬಾಯಿ ಮುಚ್ಕೊಂಡಿದ್ದೆನಲ್ಲ. ಒಳಗಿನ ಕಾರ್ಪೆಟ್ಟು ಯಾವ ಬಣ್ಣ ಅಂತ ಡೆಸ್‌ಗೂ ಹೇಳಿರಲಿಲ್ಲ. ಅದಕ್ಕೆ ಬೇಜಾರು.”

ಆ ದಿನ ಪ್ರೂ ವಾತಾವರಣ ತಿಳಿಮಾಡಲು, ಹಾಗಾದರೆ ಐರೀನ್ ನೀವೇ ಅನ್ನಿ, ನನ್ನ ಪಟ್ಟಿಯಲ್ಲಿ ನಿಮ್ಮ ಹೆಸರೂ ಹಾಕಿಕೊಳ್ಳುತ್ತೇನೆ ಎಂದಳು. ಯಾರೂ ನಗಲಿಲ್ಲ. ಹಿಂದಿನ ರಾತ್ರಿ ಏನಾಯಿತು ಹೇಳಿ ಎಂದು ಕೇಳಿದರೆ ನೋಲೀನ್, ನೋಡಲಿಲ್ಲ, ಎಂಟಕ್ಕೇ ಮಲಗಿಬಿಟ್ಟೆ ಎಂದರು. ಬೇರೊಬ್ಬಳು ಹೇಳಲು ಹೋಗಿ ಅರ್ಧದಲ್ಲಿ ಗೊಂದಲ ಮಾಡಿಕೊಂಡಳು. ಹೊರಡುವಾಗ ನೋಲೀನ್ ಐವಿಯ ಟೋಪಿ ಸರಿಮಾಡಿ ನನ್ನ ಕೆನ್ನೆ ತಟ್ಟಿದರು.

“ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ? ನೀನು ಒಳ್ಳೇದೇ ಹೇಳಿರ್ತೀಯ, ನಂಗೊತ್ತು. ಅದರ ಚಿಂತೆ ಬಿಡು.”

ಬಿಡುವುದೆಲ್ಲಿಂದ ಬಂತು. ಅಂಥ ಕಟ್ಟಡದ ಕಾಗದ ಮರೆತು ಮನೆಗೆ ಬಂದರೂ ಅಪರಾಧವೇ ಎಂದು ನನಗೆ ಆಗ ತಾನೇ ಹೊಳೆದಿತ್ತು. ಆದರೂ ಆಗಿನ್ನೂ ನಾನು ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಹೇಳಿದ್ದು ನಿಜವನ್ನೇ, ನಿಜ ಹೇಳಿದ್ದು ತಪ್ಪೇ ಎಂದು.

ಆ ಭಾನುವಾರ ಮಧ್ಯಾಹ್ನ ನನ್ನ ಗಂಡ ಯೂವನ್ ಮಗುವನ್ನು ಕೆರೆಯ ಕಡೆ ಕರೆದುಕೊಂಡು ಹೋಗಿದ್ದ. ಭಾನುವಾರ ‘ಉತ್ತರದ ಗೇಟು’ ಸೀರಿಯಲ್ಲಿನ ಹಳೆಯ ಕಂತುಗಳನ್ನು ಮತ್ತೆ ಹಾಕುತ್ತಾರೆ. ಒಗೆದ ಬಟ್ಟೆಯ ಬುಟ್ಟಿ ಮುಂದಿಟ್ಟುಕೊಂಡು ಮಡಚುತ್ತ ಕೂತಿದ್ದೆ. ಮೂರನೇ ಕಂತು. ಐರೀನ್ ಗುಡಿಸುತ್ತಾಳೆ. ಹೀಟರಿನ ಹಿಂದೆ ಬಗ್ಗುತ್ತಾಳೆ. ಒಂದು ಕಾಗದ. ಗಾರ್ಡಿನ ಕುರ್ಚಿ ಖಾಲಿ, ಮೇಜಿನ ಮೇಲೆ ಟೀ ವಿರಾಮದ ಫಲಕ. ಅವಳು ಕಾಗದವನ್ನು ಏಪ್ರನ್ ಜೇಬಿಗೆ ಸೇರಿಸುತ್ತಾಳೆ. ಮುಂದಿನ ದೃಶ್ಯದಲ್ಲಿ ಹಿತ್ತಲ ತಂತಿಯ ಮುಂದೆ ನಿಂತು ಏಪ್ರನ್ ಒದರುತ್ತಾಳೆ, ಕಾಗದ ಹುಲ್ಲಿನ ಮೇಲೆ ಬೀಳುತ್ತದೆ. ಬೆಳಗಾದರೆ ಅದನ್ನು ಗಾರ್ಡಿಗೆ ಒಪ್ಪಿಸುತ್ತಾಳೆ.

ಯೂವನ್‌ನ ಒಂದು ಕಾಲುಚೀಲ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದೆ.

ಆಮೇಲೆ ಒಂದೊಂದಾಗಿ ನೆನಪಾಯಿತು. ನೋಲೀನ್ ಈ ಕಂತಿನ ಕಥೆ ಹೇಳಿದ ಗುರುವಾರ ನಾನು ಪಕ್ಕದ ಕೋಣೆಯಲ್ಲಿ ಐವಿಯ ನ್ಯಾಪಿ ಬದಲಿಸುತ್ತಿದ್ದೆ. ವಾಪಸು ಬರುವಾಗ ನೋಲೀನ್ ಮಾತಿನ ಮಧ್ಯದಲ್ಲಿದ್ದರು. ಬಗ್ಗಿ ನೋಡ್ತೀನಿ, ಹೀಟರ್ ಹಿಂದೆ ಕಾಗದ, ಗಾರ್ಡು ಇಲ್ಲ, ನಾನೇನು ಮಾಡ್ಲಿ, ಜೇಬಿಗೆ ಹಾಕ್ಕೊಂಡೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಕಂತು ಬಂದ ಹಿಂದಿನ ರಾತ್ರಿ ನಾನು ಎಂದಿನಂತೆ ಸೋಫಾದಲ್ಲಿ ಬಿದ್ದಿದ್ದೆ. ಕಾರ್ಪೆಟ್ಟಿನ ಬಣ್ಣವನ್ನು ಗಂಡನಿಗೂ ಹೇಳದ ಹೆಂಗಸು, ಏಳು ಜನರ ಮುಂದೆ, ಬಿಸ್ಕತ್ತು ತಿನ್ನುತ್ತ, ಅಂಥದ್ದೊಂದು ಹೇಳುತ್ತಾರೆಯೇ ಎಂದು ನನಗೆ ಹೊಳೆಯಲೇ ಇಲ್ಲ. ಆರು ವರ್ಷ ಪುಟಪುಟವನ್ನೂ ತಿದ್ದಿದವಳು ನಾನು.

ಯೂವನ್‌ಗೆ ಹೇಳಿದೆ. ಅವನು ಕೆಟ್ಟವನಲ್ಲ, ಅವನಿಗೂ ನಿದ್ದೆಯಿಲ್ಲ. ಅವರು ಇನ್ನೂ ಹತ್ತು ಕಡೆ ವಿಚಾರಿಸಿರುತ್ತಾರೆ, ತಾವಾಗಿಯೇ ತಿಳಿದುಕೊಳ್ಳುತ್ತಾರೆ, ಈಗ ನೀನು ಫೋನ್ ಮಾಡಿ ಮಾತು ಬದಲಿಸಿದರೆ ನೋಲೀನೇ ಹೇಳಿಸಿದ್ದು ಅಂದುಕೊಳ್ಳುತ್ತಾರೆ ಎಂದ. ಅದೇ ನನ್ನ ಭಯವೂ ಆಗಿತ್ತು. ಸೀರಿಯಲ್ಲಿನಲ್ಲಿ ಹೇಳಿಕೆ ಬದಲಿಸಿದವರೇ ಯಾವಾಗಲೂ ಕಳ್ಳರು. ಪ್ರೂಳ ಪಟ್ಟಿಯಲ್ಲಿ ಅಂಥವರ ಹೆಸರಿಗೆ ಎರಡು ಗೆರೆ.

ಸೋಮವಾರ ಒಂಬತ್ತಕ್ಕೆ ಪರ್ಸೆಲ್ ಅವರ ನಂಬರು ಒತ್ತಿ, ಮೊದಲ ರಿಂಗಿಗೇ ಕತ್ತರಿಸಿದೆ. ಮಂಗಳವಾರ ಐವಿಗೆ ಮೈ ಬಿಸಿ ಎಂದು ನೆಪ ಹೇಳಿಕೊಂಡೆ. ಬಿಸಿ ಇರಲಿಲ್ಲ, ನಾಲ್ಕು ಸಲ ನೋಡಿದ್ದೆ. ಬುಧವಾರ ಬೆಳಿಗ್ಗೆ ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಒಂದು ಡಬ್ಬಿ. ಒಳಗೆ ನಿಂಬೆ ಕೇಕು, ಮೇಲೆ ಚೀಟಿ. ಹೊತ್ತೇ ಹೋಗುತ್ತಿಲ್ಲ, ಬೇಯಿಸುತ್ತ ಕೂತಿದ್ದೇನೆ, ನೀನು ತಿಂದು ಮಲಗು ಎಂದು ನೋಲೀನ್ ಬರೆದಿದ್ದರು. ಆಗಸ್ಟಿನ ಚಳಿಗೆ ಇಬ್ಬನಿ ಹೆಪ್ಪುಗಟ್ಟಿದ ಹುಲ್ಲಿನ ಮೇಲೆ ಅವರ ಹೆಜ್ಜೆ ಕಾಣುತ್ತಿತ್ತು. ಬೆಳಿಗ್ಗೆ ನಾಲ್ಕಕ್ಕೆ ಏಳುವ ಅಭ್ಯಾಸ, ಎದ್ದು ಹೋಗಲು ಜಾಗವಿಲ್ಲದೆ ನಮ್ಮ ಬಾಗಿಲಿಗೆ ಬಂದು ಹೋಗಿದ್ದರು.

ಡಬ್ಬಿಯನ್ನು ಮೇಜಿನ ಮೇಲಿಟ್ಟು, ಐವಿಯನ್ನು ಸೊಂಟಕ್ಕೆ ಹಾಕಿಕೊಂಡು, ಫ್ರಿಜ್ಜಿನ ಮೇಲಿನ ಕಾರ್ಡು ತೆಗೆದೆ. ಎರಡನೇ ರಿಂಗಿಗೆ ಪರ್ಸೆಲ್ ಎತ್ತಿಕೊಂಡರು. ಹೆಸರು ಹೇಳಿದೆ. ನೋಲೀನ್ ಬಗ್ಗೆ ನಾನು ಹೇಳಿದ ಕಾಗದದ ವಿಷಯ ಸುಳ್ಳು ಎಂದೆ. ಅದು ನಡೆದದ್ದು ಅವರಿಗಲ್ಲ, ಸೀರಿಯಲ್ಲಿನ ಐರೀನ್‌ಗೆ, ‘ಉತ್ತರದ ಗೇಟು’, ಮೂರನೇ ಕಂತು, ನೀವೇ ಹಾಕಿ ನೋಡಬಹುದು. ನೋಲೀನ್ ಕಥೆಯನ್ನು ತಮ್ಮದೇ ಎಂಬಂತೆ ಹೇಳುತ್ತಾರೆ, ನಾನು ಅರ್ಧ ಕೇಳಿ ನಿಜ ಅಂದುಕೊಂಡೆ. ನಮ್ಮ ಗುಂಪಿನ ಯಾರನ್ನು ಬೇಕಾದರೂ ಕೇಳಿ.

ಆ ಕಡೆ ಕಾಗದ ತಿರುವುವ ಸದ್ದು.

“ಈ ಫೋನ್ ಮಾಡೋಕೆ ಅವರೇನಾದ್ರೂ ಹೇಳಿದ್ರಾ ಮೇಡಂ?”

“ಇಲ್ಲ. ನಾನು ಏನು ಹೇಳಿದ್ದೆ ಅನ್ನೋದೇ ಅವರಿಗೆ ಗೊತ್ತಿಲ್ಲ. ನನಗೆ ಕೇಕ್ ಮಾಡಿ ಕೊಟ್ಟು ಹೋಗಿದಾರೆ.”

 ಪರ್ಸೆಲ್, ಈ ಸಲ ನಿಮಗೆ ಖಚಿತವೇ ಎಂದು ಕೇಳಿದರು.

“ಖಚಿತ,” ಎಂದೆ. “ಈ ಸಲ ಕೊನೇತನಕ ಎಚ್ಚರ ಇದ್ದೆ.”

ಪೆನ್ನು ತೆಗೆದುಕೊಳ್ಳುತ್ತೇನೆ ಇರಿ, ಮೊದಲಿನಿಂದ ನಿಧಾನವಾಗಿ ಹೇಳಿ ಎಂದರು. ಐವಿ ಫೋನಿಗೆ ಕೈ ಚಾಚಿದಳು. ಅವಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು, ನ್ಯಾಪಿ ಬದಲಿಸುತ್ತಿದ್ದ ಕೋಣೆಯಿಂದ ಶುರು ಮಾಡಿದೆ.