ನಿಧಾನಕ್ಕ ಜಿಂಕೆಯನ್ನು ಹಿಡಿದದ್ದು

ಠಾಣೆಯಲ್ಲಿ ಎದುರಿಗೆ ಎಲ್ಲರೂ ಅವಳನ್ನು ಅಕ್ಕ ಅನ್ನುತ್ತಿದ್ದರು. ಬೆನ್ನ ಹಿಂದೆ ನಿಧಾನಕ್ಕ. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇರುವುದನ್ನು ಇಪ್ಪತ್ತೆಂಟು ವರ್ಷದ ಪೊಲೀಸ್ ನೌಕರಿಯಲ್ಲಿ ಚೆನ್ನಾಗಿ ಕಲಿತಿದ್ದಳು.

ಹುಟ್ಟಾ ನಿಧಾನದವಳೇನಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಓಟದಲ್ಲಿ ಅವಳದೇ ಎತ್ತಿದ ಕೈ. ಇಪ್ಪತ್ತಾರನೇ ವಯಸ್ಸಿನಲ್ಲಿ ಒಬ್ಬ ಕಳ್ಳನನ್ನು ಅಟ್ಟಿಸಿಕೊಂಡು ಹೋಗುವಾಗ ಚರಂಡಿಯ ಮೇಲೆ ಹಾಸಿದ್ದ ಹಲಗೆ ಮುರಿಯಿತು. ಅವನು ದಾಟಿಹೋದ, ಇವಳು ಒಳಗೆ ಬಿದ್ದಳು. ಎಡ ಮೊಣಕಾಲಿನ ಚಿಪ್ಪು ಮೂರು ಹೋಳು. ಆಸ್ಪತ್ರೆಯವರು ತಂತಿ, ಸ್ಕ್ರೂ ಹಾಕಿ ಕೂಡಿಸಿದರು. ನಡೆಯಬಹುದು, ಓಡುವ ಹಾಗಿಲ್ಲ ಅಂದರು. ಅಲ್ಲಿಂದ ಅವಳು ಠಾಣೆಯ ರೈಟರ್. ಕಿಟಕಿಯ ಪಕ್ಕದ ಮೇಜು, ಒಂದು ಕಾಲು ಕುಂಟುವ ಕುರ್ಚಿ, ಬಂದವರ ದೂರು ಕೇಳಿ ಬರೆದುಕೊಳ್ಳುವ ಕೆಲಸ. ವರ್ಷ ಕಳೆದಂತೆ ಹೆಡ್ ಕಾನ್ಸ್‌ಟೇಬಲ್ ಆದಳು, ತೂಕ ಎಂಬತ್ತೆಂಟು ಕಿಲೋ ಆಯಿತು. ಕುರ್ಚಿ ಮಾತ್ರ ಬದಲಾಗಲಿಲ್ಲ.

ಹತ್ತು ವರ್ಷದ ಹಿಂದೆ ಒಂದು ಸಲ ಅವಳು ಓಡದೆಯೇ ಒಬ್ಬನನ್ನು ಹಿಡಿದದ್ದುಂಟು. ಆರು ಅಂತಸ್ತಿನ ಅಂಗಡಿ ಕಟ್ಟಡಕ್ಕೆ ಮಹಜರು ಬರೆಯಲು ಹೋಗಿದ್ದಾಗ ನಕಲಿ ಸಹಿ ಹಾಕುತ್ತಿದ್ದ ಮನುಷ್ಯನೊಬ್ಬ ಪೊಲೀಸರನ್ನು ಕಂಡದ್ದೇ ಕಾಲಿಗೆ ಬುದ್ಧಿ ಹೇಳಿ ಲಿಫ್ಟಿಗೆ ನುಗ್ಗಿದ. ಜೊತೆಗಿದ್ದವರು ಮೆಟ್ಟಿಲ ಕಡೆ ಓಡಿದರು. ಇವಳು ಕಾವಲುಗಾರನನ್ನು ಕೇಳಿದಳು: "ಲಿಫ್ಟಿನ ಮೇನ್ ಸ್ವಿಚ್ ಎಲ್ಲಿದೆ? ಆರಿಸಿ. ಹಾಗೇ ಒಂದು ಕುರ್ಚಿ ಕೊಡಿ." ಮೂರು ಮತ್ತು ನಾಲ್ಕನೇ ಅಂತಸ್ತಿನ ನಡುವೆ ಸಿಕ್ಕಿಕೊಂಡವನು ಅರ್ಧ ಗಂಟೆಯಲ್ಲಿ ತಾನೇ ಕೂಗಿ ಕೂಗಿ, ಬಂದು ಹಿಡಿದುಕೊಳ್ಳಿ ಅಂತ ಗೋಗರೆದ. ಠಾಣೆಯಲ್ಲಿ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕು, ಅಕ್ಕನ ಅದೃಷ್ಟ ಅಂದುಬಿಟ್ಟರು. ಅದೃಷ್ಟ ಅಂದದ್ದು ಅವಳ ಮನಸ್ಸಿಗೆ ಚುಚ್ಚಿತು.

ಹೀಗಿರುವಾಗ ಜಿಂಕೆ ಬಂದ.

ಜಿಂಕೆ ಅನ್ನುವುದು ಪೊಲೀಸರೇ ಇಟ್ಟ ಹೆಸರು. ದೊಡ್ಡಾಸ್ಪತ್ರೆಯ ಗೇಟಿನಲ್ಲಿ ವಯಸ್ಸಾದವರ ಕೈಚೀಲ ಕಿತ್ತುಕೊಂಡು ಓಡುವವನು. ಸಣಕಲು ಮೈ, ಉದ್ದ ಕಾಲು. ಹಳೇ ಪೇಟೆಯ ಗಲ್ಲಿಗೆ ಹೊಕ್ಕನೆಂದರೆ ಮುಗಿಯಿತು. ಐದು ತಿಂಗಳಲ್ಲಿ ಹನ್ನೊಂದು ಸಲ ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿದ್ದ. ಹನ್ನೊಂದನೇ ಸಲ ಕಾನ್ಸ್‌ಟೇಬಲ್ ಒಬ್ಬ ಮೋಟಾರ್ ಸೈಕಲ್ಲಿನಲ್ಲೇ ಗಲ್ಲಿಗೆ ನುಗ್ಗಿದ. ತಿರುವಿನಲ್ಲಿ ಗಾಜಿನ ಸಾಮಾನಿನ ಅಂಗಡಿಗೆ ಗುದ್ದಿ ಹೆಗಲ ಮೂಳೆ ಮುರಿದುಕೊಂಡ. ಶಾಲೆಗೆ ಹೊರಟಿದ್ದ ಒಂದು ಹೆಣ್ಣುಮಗು ಕೂದಲೆಳೆಯಲ್ಲಿ ಪಾರಾಯಿತು.

ಇನ್ಸ್‌ಪೆಕ್ಟರ್ ಅಕ್ಕನಿಗಿಂತ ಹದಿನೈದು ವರ್ಷ ಚಿಕ್ಕವನು, ಒಳ್ಳೆಯ ಮನುಷ್ಯ. ಮಾರನೇ ದಿನ ಎಲ್ಲರನ್ನೂ ಕೂಡಿಸಿ ಹೇಳಿದ: "ಇನ್ನು ಮೇಲೆ ಗಲ್ಲಿಯೊಳಗೆ ಗಾಡಿ ಹಾಕ್ಕೊಂಡು ಯಾರೂ ಯಾರನ್ನೂ ಅಟ್ಟಿಸ್ಕೊಂಡು ಹೋಗಂಗಿಲ್ಲ. ಒಂದು ಚೀಲಕ್ಕೋಸ್ಕರ ಒಂದು ಮಗು ಹೋಗೋದ್ರಲ್ಲಿತ್ತು. ಬೇರೆ ದಾರಿ ಏನಿದೆ, ಹೇಳಿ. ಹುಚ್ಚು ಅನ್ನಿಸಿದ್ರೂ ಪರವಾಗಿಲ್ಲ."

ಹುಚ್ಚಿಗೆ ಬರವಿರಲಿಲ್ಲ. ಒಬ್ಬ ಬಲೆ ಹಾರಿಸುವ ಬಂದೂಕು ಅಂದ. ಇನ್ನೊಬ್ಬ, ದಾರಿಗೆ ಸೋಪಿನ ನೀರು ಚೆಲ್ಲೋಣ ಅಂದ. ಅಂಟಿನ ನೊರೆ, ಬೆನ್ನಿಗೆ ಹೊಡೆದರೆ ತಿಂಗಳುಗಟ್ಟಲೆ ಹೋಗದ ಬಣ್ಣ, ತಲೆಯ ಮೇಲೆ ಹಾರುವ ಕ್ಯಾಮೆರಾ, ಎಲ್ಲ ಬಂತು. ಠಾಣೆಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುರಿಯಾಳು, ಅವನನ್ನು ಓಟಗಾರ ಅಂತಲೇ ಕರೆಯುತ್ತಿದ್ದರು, ಎಲ್ಲಿಂದಲೋ ವಾಲಿಬಾಲ್ ಬಲೆ ತಂದು ಅಂಗಳದಲ್ಲಿ ಬೀಸಿಯೂ ತೋರಿಸಿದ. ಬಲೆ ಜೀಪಿನ ಕನ್ನಡಿಗೆ ಸಿಕ್ಕಿಕೊಂಡಿತು, ಅದನ್ನು ಬಿಡಿಸಲು ಹೋಗಿ ಅವನ ಕಾಲೇ ಅದರೊಳಗೆ ಸಿಕ್ಕಿಕೊಂಡಿತು.

ಅಕ್ಕ ಸಂಜೆ ಮನೆಗೆ ಹೋಗಿ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಗಂಡನಿಗೆ ಎಲ್ಲ ಹೇಳಿದಳು. ಗಂಡ ಬಸ್ ಚಾಲಕ, ಮೂವತ್ತು ವರ್ಷದಿಂದ ಒಂದೇ ರೂಟು. ಅವನು ಕೆಲಸದ ಬೂಟು ಕಳಚುತ್ತಾ ಹೇಳಿದ: "ನನ್ನ ಬಸ್ಸಿನ ಹಿಂದೆ ದಿನಾ ಹತ್ತು ಜನ ಓಡ್ತಾರೆ ಕಣೇ. ಕನ್ನಡೀಲಿ ನೋಡ್ತಾನೇ ಇರ್ತೀನಿ. ಓಡಿ ಹತ್ತಿದೋರನ್ನ ನಾನು ಕಂಡಿಲ್ಲ. ಮುಂದಿನ ಸ್ಟಾಪಲ್ಲಿ ನಿಂತಿರ್ತಾರಲ್ಲ, ಅವರು ಹತ್ತುತಾರೆ."

"ಅವನ ಮುಂದಿನ ಸ್ಟಾಪು ಯಾವುದು ಅಂತ ಗೊತ್ತಿರಬೇಕಲ್ಲ ರೀ."

"ಹನ್ನೊಂದು ದೂರೂ ಬರೆದಿರೋಳು ನೀನು. ನಿನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಆ ಮಾತು ತಲೆಗೆ ಹೊಕ್ಕಿತು. ಮಾರನೇ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಠಾಣೆಗೆ ಬಂದು ಹನ್ನೊಂದು ಕಡತಗಳನ್ನು ಮೇಜಿನ ಮೇಲೆ ಹರವಿಕೊಂಡಳು. ಎಲ್ಲ ತನ್ನದೇ ಕೈಬರಹ. ಎಲ್ಲ ಕಳ್ಳತನವೂ ಸೋಮವಾರ ಅಥವಾ ಬುಧವಾರ, ಹೊರರೋಗಿಗಳ ಸಾಲು ಉದ್ದ ಇರುವ ದಿನ, ಹನ್ನೊಂದು ಗಂಟೆಯ ಆಸುಪಾಸು. ಆದರೆ ಅವನು ಮಾಯವಾದ ಜಾಗ ಒಂದೊಂದು ಸಲ ಒಂದೊಂದು: ಒಮ್ಮೆ ದರ್ಜಿ ಗಲ್ಲಿ, ಒಮ್ಮೆ ಹಳೇ ಮುದ್ರಣಾಲಯದ ಹಿಂದೆ. ತಲೆಬುಡ ತಿಳಿಯಲಿಲ್ಲ. ಕಡತ ಮುಚ್ಚಿ ಚಿಲ್ಲರೆ ದೂರುಗಳ ಪುಸ್ತಕ ತೆಗೆದಳು. ಗದ್ದಲ, ನಾಯಿ ಕಾಟ, ಪಕ್ಕದ ಮನೆಯವರ ಕಸ, ಇಂಥವನ್ನು ಬರೆದಿಡುವ ಪುಸ್ತಕ. ಅದರಲ್ಲಿ ಒಬ್ಬ ಅಜ್ಜಿಯ ದೂರು ಏಳು ಸಲ ಇತ್ತು.

ಹಳೇ ಪೇಟೆಯ ಹಿಂದಿನ ಗುಡ್ಡಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು. ಮೆಟ್ಟಿಲ ತುದಿಯಲ್ಲಿ ಒಂದು ಬೀದಿ ನಲ್ಲಿ, ಅದರ ಎದುರಿಗೆ ಅಜ್ಜಿಯ ಮನೆ. ಯಾರೋ ಹಾಳಾದವನು ಹಾಡಹಗಲೇ ಬಂದು ನೀರು ಕುಡಿದು ಮುಖ ತೊಳೆದು ನಲ್ಲಿಯನ್ನು ಹಾಗೇ ಸುರಿಯಲು ಬಿಟ್ಟುಹೋಗುತ್ತಾನೆ ಅಂತ ಅಜ್ಜಿಯ ದೂರು. ಅಜ್ಜಿ ಬಂದಾಗಲೆಲ್ಲ ಠಾಣೆಯಲ್ಲಿ ಎಲ್ಲರೂ ಮುಸಿಮುಸಿ ನಗುತ್ತಿದ್ದರು. ಅಕ್ಕ ಮಾತ್ರ ಅಜ್ಜಿಯನ್ನು ಕೂಡಿಸಿ, ತಾರೀಕು ಸಮೇತ ಬರೆದುಕೊಳ್ಳುತ್ತಿದ್ದಳು. ಈಗ ಆ ಏಳು ತಾರೀಕಿನ ಪಕ್ಕ ಜಿಂಕೆಯ ಹನ್ನೊಂದು ತಾರೀಕು ಇಟ್ಟು ನೋಡಿದಳು. ಏಳಕ್ಕೆ ಏಳೂ ಕೂಡಿಬಂದವು.

ಪುಸ್ತಕ, ಕಡತ ಎರಡನ್ನೂ ಎತ್ತಿಕೊಂಡಳು. ಒಂದು ಲೋಟ ನೀರು ಕುಡಿದು ಇನ್ಸ್‌ಪೆಕ್ಟರ್ ಕೋಣೆಗೆ ಹೋದಳು.

"ಸರ್, ಬೂಟು ಹಾಕಿದೋರು ಮೆಟ್ಟಿಲು ಹತ್ತಿ ಬರಲ್ಲ ಅಂತ ಅವನಿಗೆ ಗೊತ್ತು. ಗಲ್ಲಿ ಯಾವುದಾದ್ರೂ ಹಿಡೀಲಿ, ಕೊನೆಗೆ ಮೇಲಕ್ಕೇ ಹೋಗ್ತಾನೆ. ಅಲ್ಲಿ ನೀರು ಕುಡೀತಾನೆ. ನಾನು ಅಲ್ಲಿ ಕೂತಿರ್ತೀನಿ."

"ನೀವೊಬ್ಬರೇನಾ?"

"ನಾಲ್ಕು ಜನ ಗಂಡಸರು ನಿಂತಿದ್ರೆ ಅವನು ದೂರದಿಂದಲೇ ಕಂಬಿ ಕೀಳ್ತಾನೆ. ನನ್ನ ನೋಡಿದ್ರೆ ಯಾರಿಗೆ ಭಯ ಆಗುತ್ತೆ ಸರ್? ಹುಡುಗರು ಕೆಳಗಿಂದ ಮೆಲ್ಲಗೆ ಬರಲಿ. ಜೋರಾಗಿ ಅಟ್ಟಿಸ್ಬೇಡಿ. ಹೆದರಿದೋನು ಯಾರಿಗಾದ್ರೂ ಗುದ್ದುತಾನೆ."

ಇನ್ಸ್‌ಪೆಕ್ಟರ್ ಏಳು ತಾರೀಕನ್ನೂ ಬೆರಳಿಟ್ಟು ಓದಿ ಒಪ್ಪಿದ.

ಸೋಮವಾರ ಅಕ್ಕ ಸಾದಾ ಬಟ್ಟೆ ಹಾಕಿಕೊಂಡು, ಗುಡ್ಡದ ಹಿಂದಿನ ರಸ್ತೆಯಿಂದ ಗಾಡಿಯಲ್ಲಿ ಬಂದು ಅಜ್ಜಿಯ ಬಾಗಿಲಲ್ಲಿ ಕೂತಳು. ಒಂಬತ್ತರಿಂದ ಎರಡರವರೆಗೆ ಕೂತಳು. ನಲ್ಲಿಯ ಹತ್ತಿರ ಒಂದು ಬೆಕ್ಕು ಬಂತು, ಅಂಚೆಯವನು ಬಂದ. ಜಿಂಕೆ ಬರಲಿಲ್ಲ. ಠಾಣೆಗೆ ವಾಪಸಾದಾಗ ಓಟಗಾರ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಅಕ್ಕ ಬೆಟ್ಟದ ಗಾಳಿ ತಗೊಂಡು ಬಂದ್ರು. ಮುಖ ಕಳೆಕಳೆಯಾಗಿದೆ." ಅವಳೂ ಎಲ್ಲರ ಜೊತೆ ನಕ್ಕಳು. ಮನೆಗೆ ಹೋಗಿ ಸಾದಾ ಬಟ್ಟೆಯನ್ನು ಬುಧವಾರಕ್ಕೆ ಅಂತ ಒಗೆದು ಹರವಿದಳು.

ಬುಧವಾರ ಮತ್ತೆ ಹೋದಳು. ಈ ಸಲ ಅಜ್ಜಿಯೇ ಒಂದು ಉಪಾಯ ಹೇಳಿದಳು. ನಲ್ಲಿಗೆ ನೀರು ಬರುವ ಪೈಪಿಗೆ ಮನೆಯ ಗೋಡೆಯ ಪಕ್ಕ ಒಂದು ವಾಲ್ವ್ ಇದೆ, ತಿರುಗಿಸಿದರೆ ನೀರು ನಿಲ್ಲುತ್ತದೆ. "ಬಾಯಾರಿ ಬಂದೋನಿಗೆ ನೀರು ಇಲ್ಲ ಅಂದ್ರೆ ಕಾಲೇ ಬರಲ್ಲ ಮಗಳೇ," ಅಂದಳು ಅಜ್ಜಿ. ಇಬ್ಬರೂ ಸೇರಿ ತುಕ್ಕು ಹಿಡಿದ ವಾಲ್ವನ್ನು ತಿರುಗಿಸಿದರು. ಅಜ್ಜಿ ಒಂದು ಹೂಜಿ ತಣ್ಣೀರು, ಲೋಟ ತಂದಿಟ್ಟಳು. ಅಕ್ಕ ಕೈಕೋಳವನ್ನು ಮಡಿಲಲ್ಲಿದ್ದ ಟವೆಲ್ಲಿನ ಕೆಳಗೆ ಇಟ್ಟುಕೊಂಡು ಬಟಾಣಿ ಬಿಡಿಸತೊಡಗಿದಳು.

ಹನ್ನೊಂದೂ ಕಾಲಿಗೆ ಚೀಲದೊಳಗಿನ ವೈರ್‌ಲೆಸ್ ಗೊರಗೊರ ಅಂದಿತು. ಆಸ್ಪತ್ರೆ ಗೇಟು, ಒಬ್ಬ ಮುದುಕರ ಚೀಲ, ಹಳೇ ಪೇಟೆ ಕಡೆ ಓಡಿದ್ದಾನೆ. ಅಕ್ಕ ಅದನ್ನು ಆರಿಸಿಬಿಟ್ಟಳು. ಹನ್ನೆರಡು ನಿಮಿಷ ಕಳೆಯಿತು. ಮೆಟ್ಟಿಲ ಕಡೆಯಿಂದ ಏದುಸಿರಿನ ಸದ್ದು. ಮೊದಲು ಒಂದು ತಲೆ, ಆಮೇಲೆ ಹೆಗಲು, ಕಂಕುಳಲ್ಲಿ ಒಂದು ಕಂದು ಚೀಲ.

ಅವನು ನೆಟ್ಟಗೆ ನಲ್ಲಿಗೆ ಹೋಗಿ ತಿರುಗಿಸಿದ. ನೀರಿಲ್ಲ. ಇನ್ನೊಂದು ಸುತ್ತು ತಿರುಗಿಸಿದ. ಬರೀ ಗಾಳಿ. ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತ.

"ಬೆಳಿಗ್ಗೆಯಿಂದ ಬಂದಿಲ್ಲಪ್ಪ ನೀರು," ಅಂದಳು ಅಕ್ಕ, ಕಾಳು ಬಿಡಿಸುತ್ತಲೇ. "ಇಲ್ಲಿದೆ, ಬಾ, ಕುಡಿ. ಯಾಕೆ ಹೀಗೆ ಓಡಿ ಬಂದೆ ಈ ಬಿಸಿಲಲ್ಲಿ?"

ಅವನು ಮೆಟ್ಟಿಲ ಕಡೆ ತಿರುಗಿ ನೋಡಿದ. ಯಾರೂ ಇಲ್ಲ. ಬಂದು ಕಟ್ಟೆಯ ಮೇಲೆ ಕೂತ. ಒಂದು ಲೋಟ ಗಟಗಟ ಕುಡಿದು ಇನ್ನೊಂದಕ್ಕೆ ಕೈ ಚಾಚಿದ. "ದೇವರಂಗೆ ಸಿಕ್ಕಿದ್ರಿ ಆಂಟಿ," ಅಂದ.

ಚಾಚಿದ ಆ ಮಣಿಕಟ್ಟಿಗೆ ಕೈಕೋಳ ಬಿತ್ತು. ಇನ್ನೊಂದು ತುದಿಯನ್ನು ಅಕ್ಕ, ಅವನು ನೀರು ಕುಡಿಯುತ್ತಿದ್ದಾಗಲೇ, ಟವೆಲ್ಲಿನ ಕೆಳಗೆ ತನ್ನ ಎಡಗೈಗೆ ಹಾಕಿಕೊಂಡಿದ್ದಳು.

ಅವನು ಎದ್ದು ಎಳೆದ. ಅಕ್ಕ ಕೂತ ಜಾಗದಿಂದ ಅಲುಗಲಿಲ್ಲ. ಮತ್ತೆ ಎಳೆದ. ಬಟಾಣಿಯ ತಟ್ಟೆ ಉರುಳಿತು, ಅಷ್ಟೇ.

"ಎಂಬತ್ತೆಂಟು ಕಿಲೋ ಇದ್ದೀನಿ ಮಗನೇ," ಅಂದಳು ಅಕ್ಕ. "ಓಡೋದಾದ್ರೆ ಓಡು, ನನ್ನನ್ನೂ ಕರ್ಕೊಂಡು ಹೋಗ್ಬೇಕಾಗುತ್ತೆ. ಇಲ್ಲ ಅಂದ್ರೆ ಕೂತ್ಕೊಂಡು ಎರಡನೇ ಲೋಟ ಕುಡಿ. ಪೊಲೀಸ್ ನಾನು."

ಅವನು ಅವಳ ಮುಖ ನೋಡಿದ, ಕೈಕೋಳ ನೋಡಿದ, ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ ಅಜ್ಜಿಯನ್ನು ನೋಡಿದ. ಕೂತುಬಿಟ್ಟ. "ನಲ್ಲಿ ನಿಲ್ಸೋದು ಕಲಿ ಮೊದಲು," ಅಂದಳು ಅಜ್ಜಿ. ಅವಳಿಗೆ ಕಳ್ಳತನಕ್ಕಿಂತ ಅದೇ ದೊಡ್ಡದು.

ಅಕ್ಕ ಬಂದಿದ್ದ ಗಾಡಿ ಗುಡ್ಡದ ಹಿಂದಿನ ರಸ್ತೆಯಲ್ಲಿ ಕೆಟ್ಟು ನಿಂತಿದೆ ಅಂತ ಆಮೇಲೆ ಗೊತ್ತಾಯಿತು. ಮೆಟ್ಟಿಲು ಇಳಿಯದೆ ದಾರಿಯಿರಲಿಲ್ಲ. ಹತ್ತುವುದಕ್ಕಿಂತ ಇಳಿಯುವುದೇ ಆ ಮೊಣಕಾಲಿಗೆ ಕಷ್ಟ. ಹತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಅಕ್ಕ ತುಟಿ ಕಚ್ಚಿದಳು. ಜಿಂಕೆ ಒಂದು ಕ್ಷಣ ಅನುಮಾನಿಸಿ, ಅವಳ ಮೊಣಕೈ ಹಿಡಿದುಕೊಂಡ.

"ಕಾಲಿಗೆ ಏನಾಯ್ತು?"

"ನಿನ್ನಂಥೋನೊಬ್ಬನ ಹಿಂದೆ ಓಡಿದ್ದೆ."

ಅವನು ಹಿಡಿದ ಕೈ ಬಿಡಲಿಲ್ಲ. ಒಂದೊಂದೇ ಮೆಟ್ಟಿಲು, ಪಕ್ಕಪಕ್ಕಕ್ಕೆ, ಇಬ್ಬರೂ ಇಳಿದರು. ಅರ್ಧ ದಾರಿಯಲ್ಲಿ ಓಟಗಾರ ಮತ್ತು ಇನ್ನಿಬ್ಬರು ಎದುರಾದರು, ಬೆವರು ಸುರಿಸಿಕೊಂಡು, ಗೋಡೆ ಹಿಡಿದುಕೊಂಡು. ಐದು ತಿಂಗಳು ಕಣ್ಣಿಗೆ ಮಣ್ಣೆರಚಿದ ಜಿಂಕೆ, ವಯಸ್ಸಾದ ತಾಯಿಯನ್ನು ಇಳಿಸಿಕೊಂಡು ಬರುವ ಮಗನ ಹಾಗೆ ಬರುತ್ತಿದ್ದ. ಓಟಗಾರ ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟ. ಆಮೇಲೆ, ಯಾರೂ ಹೇಳದಿದ್ದರೂ, ಅಕ್ಕನಿಗೆ ಸೆಲ್ಯೂಟ್ ಹೊಡೆದ.

ಸುದ್ದಿ ಅವರಿಗಿಂತ ಮುಂಚೆ ಕೆಳಗಿಳಿದಿತ್ತು. ದರ್ಜಿಗಳು ಹೊಲಿಗೆ ನಿಲ್ಲಿಸಿ ಬಾಗಿಲಿಗೆ ಬಂದಿದ್ದರು. ಗಾಜಿನ ಅಂಗಡಿಯವನು ಚಪ್ಪಾಳೆ ತಟ್ಟಿದ; ಆ ಚಪ್ಪಾಳೆ ಗಲ್ಲಿಯುದ್ದಕ್ಕೂ ಹಬ್ಬಿತು. ಅಕ್ಕನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಕುಂಟುತ್ತಲೇ, ಗಲ್ಲಿಯ ನಡುಮಧ್ಯದಲ್ಲಿ ನಡೆದಳು. ಗಲ್ಲಿಯ ಕೊನೆಯಲ್ಲಿ ಕಾಯುತ್ತಿದ್ದ ಮುದುಕರ ಕೈಗೆ ಕಂದು ಚೀಲವನ್ನು ತಾನೇ ಇಟ್ಟು, ಎಲ್ಲ ಸರಿಯಾಗಿದೆಯಾ ನೋಡಿ ಅಂದಳು. ಅದರಲ್ಲಿದ್ದದ್ದು ಅವರ ಹೆಂಡತಿಯ ಎಕ್ಸ್‌ರೇಗಳು, ಅವರ ಕಿವಿಯ ಯಂತ್ರ. ಮುದುಕರು ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡು, "ಈಗ ಹೇಳಮ್ಮ, ಏನಂದೆ?" ಅಂದರು.

ನ್ಯಾಯಾಲಯದಲ್ಲಿ ಜಿಂಕೆಯ ವಕೀಲರು ಸಾಕ್ಷಿ ಕಟಕಟೆಯಲ್ಲಿದ್ದ ಅಕ್ಕನನ್ನು ಕೇಳಿದರು: "ನನ್ನ ಕಕ್ಷಿದಾರರನ್ನ ಎಷ್ಟು ದೂರ ಅಟ್ಟಿಸಿಕೊಂಡು ಹೋದ್ರಿ?"

"ಎಲ್ಲೂ ಹೋಗ್ಲಿಲ್ಲ ಸರ್. ಅವರೇ ಬಂದ್ರು."

"ಬಲಪ್ರಯೋಗ ಮಾಡಿದ್ರಾ?"

"ನೀರು ಕೊಟ್ಟೆ ಸರ್."

ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿಕೊಂಡರು. ಆರೋಪಿಯ ಕಟಕಟೆಯಲ್ಲಿದ್ದ ಜಿಂಕೆ ತಾನೂ ನಕ್ಕ. ಅವನಿಗೆ ಒಂದೂವರೆ ವರ್ಷ ಶಿಕ್ಷೆ ಆಯಿತು.

ಆ ವರ್ಷವೇ ತರಬೇತಿ ಶಾಲೆಯಿಂದ ಪತ್ರ ಬಂತು. ಹೊಸದಾಗಿ ಸೇರಿದವರಿಗೆ ವಾರಕ್ಕೊಂದು ಪಾಠ ಹೇಳಲು ನಿಧಾನಕ್ಕ ಬರಬೇಕು. ಮೊದಲ ದಿನ ಮೈದಾನದಲ್ಲಿ ನಲವತ್ತು ಜನ ಹುಡುಗ ಹುಡುಗಿಯರು ಬೂಟಿನ ದಾರ ಬಿಗಿದು ಓಟಕ್ಕೆ ಸಿದ್ಧರಾಗಿ ನಿಂತಿದ್ದರು. ಅವಳು ಅವರನ್ನೆಲ್ಲ ಮರದ ನೆರಳಿಗೆ ಕರೆದು ಕೂಡಿಸಿದಳು. ಒಬ್ಬೊಬ್ಬರ ಕೈಗೂ ಹಳೆಯ ಚಿಲ್ಲರೆ ದೂರುಗಳ ಒಂದೊಂದು ಹಾಳೆ ಕೊಟ್ಟಳು.

"ಓದಿ," ಅಂದಳು. "ನಿಧಾನಕ್ಕೆ ಓದಿ. ಅವಸರ ಏನಿಲ್ಲ."