ಆರು ಮನೆಗೆ ಒಂದೇ ಖಾಲಿ

ತೊಳೆದು ಬೋರಲು ಹಾಕಿದ ಡಬ್ಬಿಗಳನ್ನು ಕಂಡರೆ ನನಗೆ ಯಾಕೋ ಹುರುಪು. ತುಂಬಿದ ಡಬ್ಬಿಯ ಹಣೆಬರಹ ಆಗಲೇ ಗೊತ್ತಾಗಿರುತ್ತದೆ. ಖಾಲಿ ಡಬ್ಬಿಗೆ ಇನ್ನೂ ಏನು ಬೇಕಾದರೂ ಆಗುವ ಅವಕಾಶವಿದೆ. ಕೆಲಗೇರಿಯ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಈಗ ದಿನಾ ಅಂಥ ಆರು ಡಬ್ಬಿಗಳು ಸಾಲಾಗಿ ಕೂಡುತ್ತವೆ. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಓಣಿಯ ಆರು ಮನೆಗಳಿಗೆ ರೊಟ್ಟಿ, ಪಲ್ಯ, ಹಿಂಡಿ ಎಂಬ ಚಟ್ನಿಪುಡಿ ಕಟ್ಟಿಕೊಡುವ ಉದ್ಯೋಗಕ್ಕೆ ಕೈಹಾಕಿದ್ದಾರೆ. ಯಾರಿಗೆ ಎಷ್ಟು ರೊಟ್ಟಿ, ಯಾವ ಹಿಂಡಿ ಎಂಬುದು ಫೋನಿನಲ್ಲೇ ಕಾಣುವಂಥ ಪುಟವೊಂದನ್ನು ಮಾಡಿಕೊಡುವ ಉಸಾಬರಿ, ಸಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದ ಮೇಲೆ ಜಾವಾಸ್ಕ್ರಿಪ್ಟ್ ಕಲಿಯಲು ಕುಳಿತಿದ್ದ ನನ್ನದು. ಯಾರೂ ಒಪ್ಪಿಸಲಿಲ್ಲ, ನಾನೇ ಮೈಮೇಲೆ ಎಳೆದುಕೊಂಡೆ.

ಆರರಲ್ಲಿ ಒಂದು ಡಬ್ಬಿ ಎದುರುಮನೆಯ ನಸೀಮಾಳ ಮಗಳು ಸನಾಳದು. ಆ ಹುಡುಗಿಗೆ ಶೇಂಗಾ ಒಂದು ಕಾಳು ಹೊಟ್ಟೆಗೆ ಹೋದರೂ ಗಂಟಲು ಬಾತು ಉಸಿರು ಕಟ್ಟುತ್ತದೆ. ನಮ್ಮ ಕಡೆಯ ಅಡುಗೆಯಲ್ಲಿ ಶೇಂಗಾ ಎಲ್ಲೆಲ್ಲಿ ನುಸುಳುತ್ತದೆ ಎಂಬುದು ನಿಮಗೇ ಗೊತ್ತು.

“ಹೊರಗಿಂದು ಏನೂ ತಿನ್ನಾಕ ಕೊಡೂದಿಲ್ರಿ ಅಕ್ಕಾರ ಆಕಿಗೆ,” ಎಂದು ನಸೀಮಾ ವೈನಿಯ ಮುಂದೆ ಹೇಳಿದ್ದಳು. “ನನಗ ಮುಂಜಾನಿ ಡ್ಯೂಟಿ ಬಿತ್ತು. ನಿಮ್ಮ ಮ್ಯಾಲ ಭರೋಸಾ ಇಟ್ಟೇನಿ.”

ವೈನಿ ಅವಳಿಗಾಗಿ ಬೇರೆ ಪಾತ್ರೆ, ಬೇರೆ ಮಿಕ್ಸರ್ ಇಟ್ಟರು; ಶೇಂಗಾದ ಡಬ್ಬಿ ಕೆಳಗಿಳಿಯುವ ಮೊದಲೇ ಸನಾಳ ಅಡುಗೆ ಮುಗಿದು ಮುಚ್ಚಿರಬೇಕು ಎಂಬ ನೇಮ ಮಾಡಿಕೊಂಡರು. ಉಳಿದದ್ದು ನನ್ನ ಪುಟ.

ಜಾವಾಸ್ಕ್ರಿಪ್ಟಿನಲ್ಲಿ ಹೀಗೆ ಸಾಲಾಗಿ ಜೋಡಿಸಿದ ಸ್ಥಾನಗಳಿಗೆ ಅರೇ ಎನ್ನುತ್ತಾರೆ. ಆರು ಸ್ಥಾನಗಳ ಅರೇ ಬೇಕೆಂದು ಕೇಳಿದೆ, ಕೊಟ್ಟಿತು. ಮೊದಲ ಮನೆಗೆ ಎರಡು ರೊಟ್ಟಿ ಕೂಡಿಸು ಎಂದರೆ, ಇದು ಸಂಖ್ಯೆಯೇ ಅಲ್ಲ ಎಂದು ಮುಖ ತಿರುಗಿಸಿತು. ಸ್ಥಾನವಿದೆ, ಅದರಲ್ಲಿ ಸೊನ್ನೆ ಕೂಡ ಇಲ್ಲ! ಆಹಾ, ಎಂಥ ಸೂಕ್ಷ್ಮ ನೋಡಿ. ಸೊನ್ನೆ ಎಂದರೆ ತಾಟು ಹಾಕಿ ಇನ್ನೂ ಬಡಿಸಿಲ್ಲ ಎಂದರ್ಥ. ಏನೂ ಇಲ್ಲ ಎಂದರೆ ತಾಟನ್ನೇ ಹಾಕಿಲ್ಲ. ಭೂಗೋಳ ಕಲಿಸಿದಷ್ಟು ವರ್ಷವೂ ಇವೆರಡನ್ನು ಒಂದೇ ಎಂದು ತಿಳಿದುಕೊಂಡು ಬಂದವಳು ನಾನು. ಫಿಲ್ ಎಂಬ ಒಂದು ಪದದಿಂದ ಆರೂ ಕಡೆ ಸೊನ್ನೆ ತುಂಬಿದೆ. ರೊಟ್ಟಿಯ ಲೆಕ್ಕ ಸರಾಗವಾಗಿ ನಡೆಯಿತು. ಅದೇ ಹುಮ್ಮಸ್ಸಿನಲ್ಲಿ, ಹಿಂಡಿಗಳ ಹೆಸರು ಸೇರಿಸಲು ಒಂದು ಖಾಲಿ ಪಟ್ಟಿಯನ್ನೂ ಫಿಲ್ ಹಾಕಿ ಆರೂ ಮನೆಗೆ ಹಂಚಿಬಿಟ್ಟೆ.

ಮರುದಿನ ಮುಂಜಾನೆ ಮೊದಲ ಮನೆಯ ಹೆಸರಿಗೆ ಶೇಂಗಾ ಹಿಂಡಿ ಎಂದು ಒತ್ತಿದೆ. ವೈನಿ ಫೋನಿನತ್ತ ಬಗ್ಗಿ ಸನಾಳ ಸಾಲಿನತ್ತ ಬೆರಳು ತೋರಿದರು.

“ಸುಮಾ, ಸನಾನ ಮುಂದೂ ಶೇಂಗಾ ಹಿಂಡಿ ಅಂತ ಐತಲ್ಲ ಇಲ್ಲೆ?”

ಸನಾಳ ಮುಂದೆ ಮಾತ್ರವಲ್ಲ, ಆರೂ ಮನೆಗಳ ಮುಂದೆ ಬಂದು ಕುಳಿತಿತ್ತು. ವೈನಿ ಬೈಯಲಿಲ್ಲ, ಸನಾಳ ಡಬ್ಬಿಯನ್ನು ಸಾಲಿನಿಂದ ತೆಗೆದು ಸೆರಗಿನ ಮರೆಗೆ ಹಿಡಿದುಕೊಂಡರು. “ಇದು ಸರಿ ಆಗೂತನಕ ನಿನ್ನ ಫೋನ್ ಮುಟ್ಟೂದಿಲ್ಲ ನಾ,” ಎಂದರು.

ಫೋನು, ಲ್ಯಾಪ್‌ಟಾಪು ಹಿಡಿದುಕೊಂಡು ಜಗಲಿಗೆ ಬಂದು ಕುಳಿತೆ. ಹೆದರಿಕೆ ಇಳಿದ ಮೇಲೆ ಏರಿದ್ದು ಕುತೂಹಲ, ಕಾರಣ ತಿಳಿದಾಗ ಆದದ್ದು ಕುಣಿಯುವಷ್ಟು ಸಂತೋಷ. ನಾನು ಆರು ಖಾಲಿ ಪಟ್ಟಿಗಳನ್ನು ಕೊಟ್ಟಿರಲೇ ಇಲ್ಲ. ಒಂದೇ ಖಾಲಿ ಪಟ್ಟಿಯ ವಿಳಾಸವನ್ನು ಆರು ಮನೆಗೆ ಕೊಟ್ಟಿದ್ದೆ. ಸೊನ್ನೆಯ ಜಾಗಕ್ಕೆ ಎರಡು ಬಂದರೆ ಆ ಸ್ಥಾನ ಮಾತ್ರ ಬದಲಾಗುತ್ತದೆ. ಹಂಚಿಕೊಂಡ ಪಟ್ಟಿಗೆ ಒಂದು ಹೆಸರು ಬಿದ್ದರೆ ಎಲ್ಲರ ಮನೆಗೂ ಬಿದ್ದ ಹಾಗೆ. ಗೆಳೆಯರೇ, ಖಾಲಿ ಎಂದರೆ ಎಲ್ಲ ಒಂದೇ ಎಂದುಕೊಳ್ಳುತ್ತೇವಲ್ಲ, ಖರೇನೇ ಅಲ್ಲ. ನನ್ನ ಹಸಿವು ಬೇರೆ, ನಿಮ್ಮ ಹಸಿವು ಬೇರೆ. ಒಂದು ಮನೆಯಲ್ಲಿ ಖಾಲಿ ಎಂದರೆ ಇನ್ನೂ ಹೇಳಿ ಕಳಿಸಿಲ್ಲ ಎಂದರ್ಥ, ನಸೀಮಾಳ ಮನೆಯಲ್ಲಿ ಖಾಲಿ ಎಂದರೆ ಕಾವಲು. ಇಂಥ ಮಾತು ಯಂತ್ರದ ಬಾಯಿಂದ ತಿಳಿಯಬೇಕಾಯಿತಲ್ಲ ಎಂದು ನನಗೆ ನಗು ಬಂತು.

ಉಪಾಯವೇನೋ ಒಂದೇ ಸಾಲಿನದು. ಅರೇ ಡಾಟ್ ಫ್ರಮ್ ಎಂದು ಬರೆದು, ಪ್ರತಿ ಸ್ಥಾನಕ್ಕೆ ಹೋದಾಗಲೂ ಹೊಸದೊಂದು ಖಾಲಿ ಪಟ್ಟಿ ಹುಟ್ಟಿಸು ಎಂದು ಹೇಳಿಕೊಡಬೇಕು. ತುಂಬುವುದಲ್ಲ, ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡಿಕೊಡುವುದು. ಬರೆದು ವೈನಿಯ ಮುಂದೆ ಹಿಡಿದೆ.

ವೈನಿ ನನ್ನ ವ್ಯಾಖ್ಯಾನ ಕೇಳಲಿಲ್ಲ. ಫೋನು ಕಸಿದುಕೊಂಡು, ಸನಾಳದೊಂದು ಬಿಟ್ಟು ಒಂದೊಂದೇ ಮನೆಯ ಹೆಸರಿಗೆ ಶೇಂಗಾ ಹಿಂಡಿ, ಶೇಂಗಾ ಹಿಂಡಿ ಎಂದು ತಾವೇ ಒತ್ತುತ್ತಾ ಹೋದರು. ಕಣ್ಣು ಮಾತ್ರ ಸನಾಳ ಸಾಲಿನ ಮೇಲೆ. ಐದು ಮನೆ ಮುಗಿದವು. ಸನಾಳ ಮುಂದೆ ಏನೂ ಇರಲಿಲ್ಲ. ಬೇಕೆಂದೇ ಮೊದಲ ಮನೆಯ ಹೆಸರಿಗೆ ಮತ್ತೊಮ್ಮೆ ಒತ್ತಿ ನೋಡಿದರು. ಆಗಲೂ ಏನೂ ಬರಲಿಲ್ಲ. ನನ್ನ ಜನ್ಮದಲ್ಲಿ ಖಾಲಿ ಜಾಗವೊಂದನ್ನು ಕಂಡು ಇಷ್ಟು ಖುಷಿಪಟ್ಟಿರಲಿಲ್ಲ.

ಅಷ್ಟರಲ್ಲಿ ನಸೀಮಾ ಡ್ಯೂಟಿಗೆ ಹೊರಟು ಬಾಗಿಲಿಗೆ ಬಂದಳು. “ಆತೇನ್ರಿ ಅಕ್ಕಾರ?”

ವೈನಿ ಡಬ್ಬಿ ಕೊಡುವ ಮೊದಲು ಫೋನನ್ನು ಅವಳ ಕೈಗಿಟ್ಟರು. “ಆಕಿ ಮುಂದ ಇರೂದನ್ನ ನೀನ ಬರಿ, ನಸೀಮಾ. ಬ್ಯಾರೆ ಯಾರೂ ಬರಿಯೂದು ಬ್ಯಾಡ.”

ನಸೀಮಾ ನಿಂತಲ್ಲೇ, ಒಂದೊಂದೇ ಅಕ್ಷರ ಹುಡುಕಿ, ಅಗಸಿ ಹಿಂಡಿ ಎಂದು ಬರೆದಳು.